ಜುಲೈ ಮಳೆಗೂ ಮಾರ್ಚ್ ಬಿಸಿಲಿಗೂ ಜಗ್ಗದ ಗಿಡಗಳು: ಕೊಡಗಿನ ನಮ್ಮ ಕೈತೋಟದ ಅನುಭವ

ಕೊಡಗಿನಲ್ಲಿ ಹೂತೋಟ ಮಾಡುವುದು ಕಷ್ಟ ಅಂದರೆ ಹೊರಗಿನವರು ನಗುತ್ತಾರೆ. ಮಡಿಕೇರಿಯ ರಾಜಾಸೀಟಿನಲ್ಲಿ ಫಲಪುಷ್ಪ ಪ್ರದರ್ಶನ ನೋಡಿದವರಿಗಂತೂ ಇಲ್ಲಿ ಕಡ್ಡಿ ಚುಚ್ಚಿದರೂ ಹೂ ಬಿಡುತ್ತದೆ ಅನಿಸುತ್ತದೆ. ಬಿಡುತ್ತದೆ ನಿಜ. ಅದಕ್ಕೆ ಮನೆಯಲ್ಲಿ ಒಬ್ಬರು ದಿನವಿಡೀ ದುಡಿಯಬೇಕು ಅಷ್ಟೆ. ನಾವಿರುವುದು ನಾಪೋಕ್ಲು ಕಡೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಡೇಲಿಯಾ ಗೆಡ್ಡೆ ಕೊಳೆಯುತ್ತದೆ, ಗುಲಾಬಿ ಎಲೆಗೆ ಕಪ್ಪು ಚುಕ್ಕಿ ಬರುತ್ತದೆ, ಕುಂಡಗಳನ್ನೆಲ್ಲ ಜಗಲಿಗೆ ಎತ್ತಿಡಬೇಕು. ಜನವರಿ ಬಂತೆಂದರೆ ಎಲ್ಲ ಉಲ್ಟಾ. ಕಾಫಿ ಹೂ ಅರಳಿಸುವ ಹೂಮಳೆ ಬೀಳುವವರೆಗೆ ಮಣ್ಣು ಬಿರುಕು ಬಿಟ್ಟಿರುತ್ತದೆ. ಕೆರೆಯಲ್ಲಿ ಇರುವ ನೀರು ಸ್ಪ್ರಿಂಕ್ಲರ್‌ಗೆ, ಅಂದರೆ ಕಾಫಿಗೆ. ಹೂಗಿಡಕ್ಕೆ ಪೈಪ್ ಹಿಡಿದು ನಿಂತರೆ ಯಜಮಾನರ ಮುಖ ನೋಡಬೇಕು.

ಹಾಗಾಗಿ ಗಿಡ ಆರಿಸಲು ನಾನು ಇಟ್ಟುಕೊಂಡ ಪರೀಕ್ಷೆ ಒಂದೇ. ತೋಟದ ಬೇಲಿ, ರಸ್ತೆ ಬದಿ, ಗದ್ದೆ ಏರಿ, ಇಷ್ಟನ್ನೂ ಜುಲೈನಲ್ಲಿ ಒಮ್ಮೆ, ಮಾರ್ಚಿನಲ್ಲಿ ಒಮ್ಮೆ ನಡೆದು ನೋಡುವುದು. ಯಾರೂ ನೀರು ಹಾಕದೆ, ಯಾರೂ ಔಷಧಿ ಹೊಡೆಯದೆ ಎರಡೂ ಸಲ ಬದುಕಿರುವ ಗಿಡ ಯಾವುದೋ ಅದಕ್ಕೆ ಅಂಗಳಕ್ಕೆ ಪ್ರವೇಶ. ಮಾರ್ಚಿನಲ್ಲಿ ಮೇಲೆ ಒಣಗಿ, ಗೆಡ್ಡೆಯಾಗಿ ಮಣ್ಣಿನೊಳಗೆ ಮಲಗಿದ್ದರೂ ಪಾಸ್. ಅತ್ತೆಗೆ ಇದು ಹಿಡಿಸಲಿಲ್ಲ. "ಇದೇನಮ್ಮ, ಬೇಲಿ ಗಿಡ ತಂದು ಅಂಗಳದಲ್ಲಿ ನೆಡ್ತೀಯಾ? ನೆಂಟರು ಏನಂದ್ಕೋತಾರೆ?" ಅಂದರು. ನೆಂಟರು ಏನೂ ಅನ್ನಲಿಲ್ಲ. ಕಡ್ಡಿ ಕೇಳಿಕೊಂಡು ಹೋದರು.

ಮೊದಲು ನೆಟ್ಟದ್ದು ಮದ್ದು ಸೊಪ್ಪು. ಕೊಡವರ ಕಕ್ಕಡ ತಿಂಗಳ 18, ಅಂದರೆ ಆಗಸ್ಟ್ 3ಕ್ಕೆ ಪಾಯಸ ಮಾಡಲು ಎಲ್ಲರೂ ಹುಡುಕುವ ಅದೇ ಗಿಡ. ಆ ದಿನ ಬಿಟ್ಟರೆ ವರ್ಷವಿಡೀ ಅದನ್ನು ಕೇಳುವವರಿಲ್ಲ. ಆದರೆ ನೆರಳಿನ ಜಾಗಕ್ಕೆ ಇದರಷ್ಟು ಒಳ್ಳೆಯ ಬಾರ್ಡರ್ ಗಿಡ ನಾನು ನೋಡಿಲ್ಲ. ಜೂನ್‌ನಲ್ಲಿ ಗಿಣ್ಣಿರುವ ಕಡ್ಡಿ ಮುರಿದು ಚುಚ್ಚಿದರೆ ಸಾಕು, ಬೇರು ಬಿಡುತ್ತದೆ. ಮನೆಯ ಹಿಂಬದಿ, ಸೂರಿನ ನೀರು ಬೀಳುವ ಕಡೆ ಸಾಲಾಗಿ ಹಾಕಿದ್ದೇನೆ. ಹಬ್ಬಕ್ಕೆ ಸೊಪ್ಪು ಕೊಯ್ಯುವುದೇ ಅದಕ್ಕೆ ಕಟಿಂಗ್.

ನನಗೆ ಎಲ್ಲಕ್ಕಿಂತ ಇಷ್ಟ ತೋಕ್ ಪೂ. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಕೋವಿಗೆ ಸಿಕ್ಕಿಸುತ್ತಾರಲ್ಲ, ಅದು. ಎಷ್ಟೋ ಕಡೆ ಇದನ್ನೇ ಗೌರಿ ಹೂ ಅನ್ನುತ್ತಾರೆ. ಇದರ ಎಲೆ ತುದಿಯನ್ನು ಹತ್ತಿರದಿಂದ ನೋಡಬೇಕು. ಸಪೂರವಾಗಿ ಸುರುಳಿ ಸುತ್ತಿ ಪಕ್ಕದ ಕಡ್ಡಿಯನ್ನು ಹಿಡಿದುಕೊಂಡಿರುತ್ತದೆ. ಬೇರೆ ಬಳ್ಳಿಯ ಹಾಗೆ ಕಾಂಡ ಸುತ್ತುವುದಿಲ್ಲ, ಎಲೆಯೇ ಕೈ. ಹೂ ಅರಳುವಾಗ ಹಸಿರು ಮಿಶ್ರಿತ ಹಳದಿ, ಆಮೇಲೆ ಕಿತ್ತಳೆ, ಕೊನೆಗೆ ಪೂರ್ತಿ ಕೆಂಪು. ಒಂದೇ ಬಳ್ಳಿಯಲ್ಲಿ ಮೂರೂ ಬಣ್ಣ ಕಾಣುತ್ತದೆ. ಮಳೆ ಮುಗಿದ ಮೇಲೆ ಬಳ್ಳಿ ಒಣಗುತ್ತದೆ, ಗೆಡ್ಡೆ ಮಾತ್ರ ಮಣ್ಣಲ್ಲಿ ಉಳಿಯುತ್ತದೆ. ಬೇಸಿಗೆಯಲ್ಲಿ ನೀರು ಕೇಳುವ ಮಾತೇ ಇಲ್ಲ. ಗೆಡ್ಡೆ ಕವಲು ಕೋಲಿನ ಆಕಾರದಲ್ಲಿರುತ್ತದೆ, ಮೊಳಕೆಯ ಕಣ್ಣು ಅದರ ತುದಿಯಲ್ಲಿ ಮಾತ್ರ. ತುದಿ ಮುರಿದರೆ ಆ ಗೆಡ್ಡೆ ಹೋಯಿತು. ಆದ್ದರಿಂದ ಮೇ ತಿಂಗಳಲ್ಲಿ ನೆಡುವಾಗ ಅಡ್ಡಲಾಗಿ ಮಲಗಿಸಿ, ಮೇಲೆ ಸಡಿಲ ಮಣ್ಣು ಹಾಕುತ್ತೇನೆ. ಒಂದು ಎಚ್ಚರಿಕೆ: ಇದು ಬೇರಿನಿಂದ ಹೂವಿನವರೆಗೆ ವಿಷ, ಗೆಡ್ಡೆಯಂತೂ ಜೀವ ತೆಗೆಯುವಷ್ಟು. ಗೆಣಸು ಇರುವ ಕಡೆ ನೆಡಲೇಬೇಡಿ. ಕಿತ್ತವರು ಗೆಡ್ಡೆ ಗೆಣಸು ಅಂದುಕೊಂಡರೆ ಮುಗಿಯಿತು. ಚಿಕ್ಕ ಮಕ್ಕಳು, ನಾಯಿಮರಿ ಇರುವ ಮನೆಯವರು ಈ ಗಿಡದ ಆಸೆ ಬಿಡುವುದೇ ವಾಸಿ.

ಬಿಸಿಲು ಬೀಳುವ ಮುಂಬದಿಗೆ ಕೆಂಪು ಗೊಂಚಲು ಹೂವಿನ ಕೇಪಳ ಮತ್ತು ನೇರಳೆ ಹೂವಿನ ನೆಕ್ಕರಿಕ. ಎರಡೂ ನಮ್ಮ ಹುಳಿ ಮಣ್ಣಿಗೆ ಹೇಳಿ ಮಾಡಿಸಿದವು. ಕಾಫಿಗೆ ಸುಣ್ಣ ಹಾಕುವ ಹಾಗೆ ಇವಕ್ಕೆ ಹಾಕಬೇಕಿಲ್ಲ. ಕೇಪಳದ ಹೂವಿಗೆ ಸೂರಕ್ಕಿ, ಹಣ್ಣಿಗೆ ಪಿಕಳಾರ ಹಕ್ಕಿ ಬರುತ್ತದೆ. ನೆಕ್ಕರಿಕದ ಹಣ್ಣು ತಿಂದ ಮಕ್ಕಳ ನಾಲಿಗೆ ಕಪ್ಪಾಗುತ್ತದೆ, ಯಾರು ತಿಂದರು ಅಂತ ಕೇಳುವುದೇ ಬೇಡ. ನರ್ಸರಿಯಲ್ಲಿ ಕೊಳ್ಳುವಾಗ ಮಾತ್ರ ಜಾಗ್ರತೆ. ನೆಕ್ಕರಿಕ ಅಂತ ಕೇಳಿದರೆ ಅದೇ ನೇರಳೆ ಬಣ್ಣದ ಟಿಬೂಚಿನಾ ಕೊಡುತ್ತಾರೆ, ಅದು ಬ್ರೆಜಿಲ್ ಕಡೆಯದು. ಕೇಪಳ ಅಂದರೆ ಚಿಕ್ಕ ಎಲೆಯ ಕುಳ್ಳ ಹೈಬ್ರಿಡ್ ಬರುತ್ತದೆ. ಚಂದವೇ, ಬೇಡ ಅನ್ನಲ್ಲ. ಆದರೆ ನಾನು ಹುಡುಕುತ್ತಿದ್ದ ಗಿಡ ಅದಲ್ಲ.

ಇನ್ನು ಬರೆ, ಅಂದರೆ ಗುಡ್ಡ ಕಡಿದಲ್ಲಿ ನಿಲ್ಲುವ ಕಡಿದಾದ ಮಣ್ಣಿನ ಗೋಡೆ. ಕೊಡಗಿನಲ್ಲಿ ಮನೆ ಅಂದರೆ ಹಿಂದೊಂದು ಬರೆ ಇದ್ದೇ ಇರುತ್ತದೆ ಅಲ್ವಾ? 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದ ಮೇಲೆ ಎಲ್ಲರಿಗೂ ಅದರ ಮೇಲೆ ಒಂದು ಕಣ್ಣು. ಮಳೆಗೆ ಮುಂಚೆ ಬರೆಯನ್ನು ಗುದ್ದಲಿಯಲ್ಲಿ ಕೆರೆದು ಕೆಂಪಗೆ, ನೀಟಾಗಿ ಇಡುವ ಪದ್ಧತಿಯನ್ನು ನಾನು ನಿಲ್ಲಿಸಿದೆ. ತಾನಾಗಿ ಬಂದ ಜರಿಗಿಡ, ಹುಲ್ಲು ಅಲ್ಲೇ ಇರಲಿ. ಬಿಸಿಲು ಬೀಳುವ ಮೇಲ್ಭಾಗದಲ್ಲಿ ಲಾವಂಚವನ್ನು ಅಡ್ಡಸಾಲಿನಲ್ಲಿ, ಅರ್ಧ ಅಡಿಗೊಂದರಂತೆ ನೆಟ್ಟೆ. ಅದರ ಬೇರು ಪಕ್ಕಕ್ಕೆ ಹರಡದೆ ನೇರ ಕೆಳಗೆ ಇಳಿಯುತ್ತದೆ, ಮೇಲ್ಮಣ್ಣು ಕೊಚ್ಚಿ ಹೋಗುವುದು ಕಡಿಮೆಯಾಗುತ್ತದೆ. ಗುಡ್ಡವೇ ಜಾರಿದರೆ ಲಾವಂಚ ತಡೆಯುತ್ತದೆ ಅಂತ ಮಾತ್ರ ಯಾರೂ ನಂಬಬೇಡಿ. ಬಿರುಕು ಕಂಡರೆ ತಿಳಿದವರನ್ನು ಕರೆಸಿ. ಇದೇ ಬರೆಗೆ ಹಲವರು ಹಳದಿ ಹೂವಿನ ವೆಡೀಲಿಯಾ ಬಿಡುತ್ತಾರೆ. ಬೇಗ ಹಬ್ಬುತ್ತದೆ ಅನ್ನುವುದೇ ಅದರ ತೊಂದರೆ. ತೋಡಿಗೆ ಇಳಿದರೆ ನಾವು ತಿನ್ನುವ ಜರಿ, ತೆರ್ಮೆ ತೊಪ್ಪಿಗೂ ಜಾಗ ಬಿಡುವುದಿಲ್ಲ. ಲಂಟಾನವನ್ನೂ ಒಂದು ಕಾಲದಲ್ಲಿ ಹೂವಿಗೆಂದೇ ತಂದದ್ದು. ಈಗ ನಾಗರಹೊಳೆ ಕಾಡಿನ ಪರಿಸ್ಥಿತಿ ನೋಡಿ.

ಹುಲ್ಲುಹಾಸು ನಮಗೆ ಬೇಡ. ಬಚ್ಚಲು ನೀರು ಹೋಗುವ ಕಡೆ ಒಂದೆಲಗ ಹಬ್ಬಿದೆ. ತಂಬುಳಿಗೂ ಆಯಿತು, ನೆಲ ಮುಚ್ಚಲೂ ಆಯಿತು.

ಮರದ ವಿಷಯದಲ್ಲಿ ನಾನು ಸ್ವಲ್ಪ ಹೆದರುಪುಕ್ಕಲು. ಸಂಪಿಗೆ ನಮ್ಮದೇ ಮರ, ಪರಿಮಳವೂ ಹೌದು. ಆದರೆ ಜುಲೈ ಗಾಳಿಗೆ ಕೊಂಬೆ ಹೆಂಚಿನ ಮೇಲೆ ಬಿದ್ದರೆ ಯಾರಿಗೆ ಬೇಕು? ಅದನ್ನು ತೋಟದ ಅಂಚಿಗೆ ಹಾಕಿದೆವು. ಮನೆಗೆ ಹತ್ತಿರ ರಂಜ, ಅಂದರೆ ಬಕುಳ, ನೀರು ನಿಲ್ಲುವ ಕೆಳಮೂಲೆಗೆ ಹೊಳೆದಾಸವಾಳ. ಅದು ಹೊಳೆ ಬದಿಯ ಮರ, ಕಾಲು ನೆನೆದರೂ ತಲೆಕೆಡಿಸಿಕೊಳ್ಳುವುದಿಲ್ಲ. ಹಲಸು, ಬಾಳೆ ಅಂಗಳದ ಹತ್ತಿರ ಬೇಡ. ಯಾಕೆ ಅಂತ ಆನೆ ಓಡಾಡುವ ಊರಿನವರಿಗೆ ಹೇಳಬೇಕಿಲ್ಲ.

ಸೀತಾಳೆ ಹೂವನ್ನು, ಅಂದರೆ ಮರದ ಮೇಲೆ ಬೆಳೆಯುವ ಆರ್ಕಿಡ್ ಅನ್ನು, ದುಡ್ಡು ಕೊಟ್ಟು ತಂದದ್ದಲ್ಲ. ಮಳೆಗೆ ಮುಂಚೆ ತೋಟದಲ್ಲಿ ನೆರಳಿನ ಮರಗಳ ಕೊಂಬೆ ಕಡಿಸುವಾಗ ಕೆಳಗೆ ಬಿದ್ದ ಕೊಂಬೆಗಳಲ್ಲಿ ಸಿಕ್ಕಿತು. ಸುಮ್ನೆ ಬಿಟ್ಟರೆ ಸೌದೆ ಜೊತೆ ಒಲೆಗೆ ಹೋಗುತ್ತದೆ. ಬೇರಿಗೆ ಅಂಟಿದ ತೊಗಟೆ ಸಮೇತ ಬಿಡಿಸಿ, ರಂಜದ ಕಾಂಡಕ್ಕೆ ತೆಂಗಿನ ನಾರಿನ ಹಗ್ಗದಲ್ಲಿ ಕಟ್ಟಿದೆ. ಬೇರು ಮರ ಹಿಡಿಯುವ ಹೊತ್ತಿಗೆ ಹಗ್ಗ ತಾನೇ ಕೊಳೆತು ಬೀಳುತ್ತದೆ. ಮಣ್ಣು ಬೇಡ, ಗೊಬ್ಬರ ಬೇಡ. ಆದರೆ ಕಾಡಿನಿಂದ, ಅದರಲ್ಲೂ ದೇವರಕಾಡಿನಿಂದ ಒಂದು ಎಲೆಯನ್ನೂ ಕಿತ್ತು ತರಬೇಡಿ.

ಇದೇ ಪಟ್ಟಿಯನ್ನು ಕುಶಾಲನಗರದಲ್ಲಿರುವ ನಾದಿನಿಗೆ ಕೊಡಲಿಲ್ಲ. ಭಾಗಮಂಡಲದಲ್ಲಿ ಬೀಳುವ ಮಳೆಯ ಕಾಲು ಭಾಗವೂ ಅಲ್ಲಿ ಬೀಳುವುದು ಕಷ್ಟ. ಅವಳ ಬೇಲಿ ಬದಿಯೇ ಬೇರೆ. ಅಲ್ಲಿಗೆ ಕಕ್ಕೆ, ತಂಗಡಿ ಸರಿ.

ಕೆಲಸ ಇಲ್ಲವೇ ಇಲ್ಲ ಅಂತಲ್ಲ. ಮೊದಲ ಎರಡು ಮಳೆಗಾಲ ಕಳೆ ಕೀಳಲೇಬೇಕು, ಇಲ್ಲದಿದ್ದರೆ ಸಸಿ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಮೊದಲ ಬೇಸಿಗೆ ವಾರಕ್ಕೊಂದು ಸಲ ನೀರು ಬೇಕು. ನವೆಂಬರ್‌ನಲ್ಲಿ ಮಳೆ ನಿಂತು ಮಣ್ಣಲ್ಲಿ ಇನ್ನೂ ಪಸೆ ಇರುವಾಗ ತರಗೆಲೆಯನ್ನು ದಪ್ಪಗೆ ಹರಡುತ್ತೇನೆ, ಬುಡಕ್ಕೆ ತಾಗದ ಹಾಗೆ ಒಂದು ಗೇಣು ಬಿಟ್ಟು. ಅದೇ ವಾರ ಕೇಪಳ, ನೆಕ್ಕರಿಕದ ಉದ್ದ ಕೊಂಬೆ ಕತ್ತರಿಸಿ ಅಲ್ಲೇ ಬುಡದ ಸುತ್ತ ಹಾಕುತ್ತೇನೆ. ಆಮೇಲೆ ಕಾಫಿ ಕೊಯ್ಲು ಶುರು. ಮಾರ್ಚ್‌ವರೆಗೆ ಅಂಗಳದ ಕಡೆ ತಿರುಗಿ ನೋಡಲು ಪುರುಸೊತ್ತೂ ಇರುವುದಿಲ್ಲ.