ಒಂದೆಲಗ ಕುಡಿದ ಇಲಿಗೆ ದಾರಿ ನೆನಪಿತ್ತಾ?

ಪರೀಕ್ಷೆ ಬಂತೆಂದರೆ ನಮ್ಮ ಮನೆಯಲ್ಲಿ ಒಂದೆಲಗದ ತಂಬುಳಿ ಖಾಯಂ. ನೆನಪಿಗೆ ಒಳ್ಳೆಯದು ಅಂತ ಅಮ್ಮ ಬಡಿಸುತ್ತಿದ್ದರು. ಎಂ.ಫಾರ್ಮ್ ಪ್ರಾಜೆಕ್ಟ್‌ಗೆ ಅದನ್ನೇ ಆರಿಸಿಕೊಂಡೆ.

ಮೊದಲ ಗೊಂದಲ ಹೆಸರಿನದ್ದು. ಒಂದೆಲಗಕ್ಕೂ ಬ್ರಾಹ್ಮಿ ಅಂತಾರೆ, ನೀರುಬ್ರಾಹ್ಮಿಗೂ ಬ್ರಾಹ್ಮಿ ಅಂತಾರೆ. ಒಂದು ಸೆಂಟೆಲಾ ಏಷ್ಯಾಟಿಕಾ, ಇನ್ನೊಂದು ಬಕೋಪಾ ಮೊನ್ನಿಯೇರಿ. ಪೂರ್ತಿ ಬೇರೆ ಗಿಡಗಳು. ಸಸ್ಯಶಾಸ್ತ್ರದ ಮೇಷ್ಟ್ರಿಂದ ಗುರುತು ಖಚಿತ ಮಾಡಿಸಿಕೊಂಡ ಮೇಲೇ ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಸಾಕ್ಸ್‌ಲೆಟ್ ಎಂಬ ಗಾಜಿನ ಉಪಕರಣದಲ್ಲಿ ಎಥನಾಲ್ ಹಾಕಿ ಸಾರ ತೆಗೆದೆ.

ಎಥಿಕ್ಸ್ ಕಮಿಟಿ 30 ಬಿಳಿ ಇಲಿಗಳಿಗೆ ಒಪ್ಪಿಗೆ ಕೊಟ್ಟಿತು. ಆರಾರರ ಐದು ಗುಂಪು. ಒಂದಕ್ಕೆ ಬರೀ ಸಿಎಂಸಿ ದ್ರಾವಣ, ಅಂದರೆ ಔಷಧಿ ಬೆರೆಸಿ ಕೊಡಲು ಬಳಸುವ ಸಪ್ಪೆ ದ್ರವ. ಉಳಿದ ನಾಲ್ಕಕ್ಕೂ ಮರೆವು ತರಿಸುವ ಸ್ಕೊಪೊಲಮಿನ್. ಆ ನಾಲ್ಕರಲ್ಲಿ ಒಂದಕ್ಕೆ ಬೇರೇನೂ ಇಲ್ಲ, ಒಂದಕ್ಕೆ ಹೋಲಿಕೆಗೆ ನೆನಪಿನ ಔಷಧಿ ಪಿರಾಸಿಟಾಮ್, ಎರಡಕ್ಕೆ ಒಂದೆಲಗದ ಸಾರ: ಕೆಜಿ ತೂಕಕ್ಕೆ 200 ಮತ್ತು 400 ಮಿ.ಗ್ರಾಂ. ಏಳು ದಿನ ಬಾಯಿಯ ಮೂಲಕ ಕೊಟ್ಟೆ.

ಪರೀಕ್ಷೆ ಎತ್ತರದ ಪ್ಲಸ್ ಮೇಜ್‌ನಲ್ಲಿ. ಕೂಡಿಸುವ ಚಿಹ್ನೆಯಂಥ ಕಟ್ಟೆ, ಎರಡು ತೋಳಿಗೆ ಗೋಡೆ ಇದೆ, ಎರಡಕ್ಕೆ ಇಲ್ಲ. ತೆರೆದ ತೋಳಿನ ತುದಿಯಲ್ಲಿ ಇಲಿಯನ್ನು ಬಿಟ್ಟರೆ ಗೋಡೆಯ ಮರೆಗೆ ಓಡುತ್ತದೆ. ಎಷ್ಟು ಸೆಕೆಂಡಿಗೆ ಒಳಗೆ ಹೋಯಿತು ಅಂತ ನೋಡಬೇಕು. 24 ಗಂಟೆ ಬಿಟ್ಟು ಮತ್ತೆ ಬಿಟ್ಟಾಗ ಬೇಗ ಹೋದರೆ ದಾರಿ ನೆನಪಿದೆ ಅಂತ ಅರ್ಥ.

ಸಾರ ಕುಡಿದ ಇಲಿಗಳು ಸರ್ರನೆ ಒಳಗೆ ಹೋದವು. ಖುಷಿಯಿಂದ ಗ್ರಾಫ್ ಹಿಡಿದುಕೊಂಡು ಗೈಡ್ ಮೇಡಂ ಹತ್ತಿರ ಹೋದೆ. ಅವರು ಕೇಳಿದ್ದು ಎರಡೇ ಮಾತು. "ಯಾವ ಗುಂಪನ್ನು ಯಾವಾಗ ನೋಡಿದೆ? ನೆನಪು ಜಾಸ್ತಿ ಆಯ್ತೋ, ಬರೀ ಓಡಾಟ ಜಾಸ್ತಿ ಆಯ್ತೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಾರ ಕೊಡದ ಗುಂಪುಗಳನ್ನು ಬೆಳಿಗ್ಗೆ, ಸಾರದ ಗುಂಪುಗಳನ್ನು ಸಂಜೆ ನೋಡಿದ್ದೆ. ಇಲಿ ರಾತ್ರಿ ಓಡಾಡುವ ಪ್ರಾಣಿ. ಹೊತ್ತು ಬದಲಾದರೆ ಚುರುಕೂ ಬದಲಾಗುತ್ತದೆ, ಅಲ್ವಾ? ನಾನು ಅಳೆದದ್ದು ಒಂದೆಲಗವನ್ನೋ ಹೊತ್ತನ್ನೋ ಹೇಳುವುದಕ್ಕೇ ಆಗುತ್ತಿರಲಿಲ್ಲ. 30 ಜೀವ ಸುಮ್ನೆ ಹೋಯಿತು. ಇನ್ನೂ 30 ಬೇಕೆಂದು ಕಮಿಟಿಗೆ ಬರೆಯುವಾಗ ಕಾರಣದ ಜಾಗದಲ್ಲಿ ನನ್ನ ತಪ್ಪನ್ನೇ ಬರೆದೆ. ಕೈ ನಡುಗುತ್ತಿತ್ತು.

ಎರಡನೇ ಸಲ ಪ್ರತಿ ಗುಂಪಿನಿಂದ ಒಂದೊಂದು ಇಲಿಯಂತೆ ಸರದಿ ಮಾಡಿದೆ, ಎಲ್ಲವನ್ನೂ ಬೆಳಿಗ್ಗೆಯೇ. ಹಿಂದಿನ ಇಲಿಯ ವಾಸನೆ ಉಳಿಯದಂತೆ ಪ್ರತಿ ಸಲ ಸ್ಪಿರಿಟ್‌ನಿಂದ ಮೇಜ್ ಒರೆಸಿದೆ. ಸಾರ ಕೊಟ್ಟಿದ್ದು ನಾನು, ಸ್ಟಾಪ್‌ವಾಚ್ ಹಿಡಿದಿದ್ದು ಜೂನಿಯರ್. ಯಾವ ಇಲಿಗೆ ಏನು ಕೊಟ್ಟಿದೆ ಅಂತ ಅವಳಿಗೆ ಹೇಳಲಿಲ್ಲ. ಆಮೇಲೆ ಬೆಳಕಿನ ಕಿರಣ ಎಷ್ಟು ಸಲ ಕಡಿಯಿತು ಅಂತ ಲೆಕ್ಕ ಇಡುವ ಆಕ್ಟೋಫೋಟೋಮೀಟರ್‌ನಲ್ಲಿ ಓಡಾಟವನ್ನೂ ಎಣಿಸಿದೆವು.

ಈ ಸಲ 200ರ ಗುಂಪಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. 400ರ ಗುಂಪು ಮಾತ್ರ, ಓಡಾಟ ಉಳಿದವುಗಳಷ್ಟೇ ಇದ್ದರೂ, ಮಾರನೇ ದಿನ ಬೇಗ ಒಳಗೆ ಹೋಯಿತು. ಮೊದಲ ಗ್ರಾಫ್‌ಗಿಂತ ವ್ಯತ್ಯಾಸ ತುಂಬಾ ಚಿಕ್ಕದು. ಪ್ರಬಂಧಕ್ಕೆ ಹಾಕಿದ್ದು ಆ ಚಿಕ್ಕದನ್ನೇ.