ಹಳೆಯ ಪೈಥಾನ್, ಹೊಸ ಪೈಥಾನ್: ಪಕ್ಕಪಕ್ಕ ಇಟ್ಟು ನೋಡಿದ ಬಗೆ

ಕೋಲ್ಟ್ ಪೈಥಾನ್ 1955ರಲ್ಲಿ ಬಂದ .357 ಮ್ಯಾಗ್ನಮ್ ರಿವಾಲ್ವರ್. ಆರು ಗುಂಡಿನದು. ತಯಾರಿಕೆ ನಿಂತು ಎಷ್ಟೋ ವರ್ಷಗಳಾದ ಮೇಲೆ 2020ರ ಜನವರಿಯಲ್ಲಿ ಅದೇ ಹೆಸರಿನಲ್ಲಿ, ಸ್ಟೇನ್‌ಲೆಸ್ ಉಕ್ಕಿನಲ್ಲಿ, 1,499 ಡಾಲರ್ ಬೆಲೆಗೆ ಮತ್ತೆ ಬಂತು. ಹೋಲಿಸಲು ಕೂತವರು ಸಾಮಾನ್ಯವಾಗಿ ಹೊಳಪಿನಲ್ಲೇ ನಿಂತುಬಿಡುತ್ತಾರೆ. ಹಳೆಯದರ ರಾಯಲ್ ಬ್ಲೂ ಬಣ್ಣ ಕಂಡವರಿಗೆ ಅದು ಸಹಜವೇ. ಆದರೆ ಮುಖ್ಯ ವ್ಯತ್ಯಾಸ ಇರುವುದು ಯಂತ್ರಭಾಗಗಳನ್ನು ಮುಚ್ಚಿರುವ ಸೈಡ್ ಪ್ಲೇಟಿನ ಒಳಗೆ. ಪ್ಲೇಟ್ ಬಿಚ್ಚದೆಯೂ ಅದನ್ನು ಬಹುಮಟ್ಟಿಗೆ ಕೈಯಲ್ಲೇ ತಿಳಿಯಬಹುದು.

ಬೇಕಾದದ್ದು ಇಷ್ಟು: ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು), ಟ್ರಿಗರ್ ಎಳೆತ ತೂಗುವ ಗೇಜ್, ಆರು ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಅಭ್ಯಾಸದ ತೋಟಾ), ಸಣ್ಣ ಟಾರ್ಚು. ಮೊದಲು ಲ್ಯಾಚನ್ನು ಹಿಂದಕ್ಕೆ ಎಳೆದು ಸಿಲಿಂಡರ್ ತೆರೆದು ತೋಟಾ ಕೂರುವ ಆರೂ ಕೋಣೆಗಳನ್ನು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ ಖಾಲಿ ಎಂದು ಖಚಿತಮಾಡಿಕೊಂಡೆ. ತೋಟಾಗಳನ್ನು ಮನೆಯ ಬೇರೆ ಕೋಣೆಯಲ್ಲಿಟ್ಟೆ.

ಶುರು ಮಾಡಿದ್ದು ಟೈಮಿಂಗ್‌ನಿಂದ, ಎಂದರೆ ಕೋಣೆ ಸರಿಯಾದ ಕ್ಷಣಕ್ಕೆ ನಳಿಗೆಯ ನೇರಕ್ಕೆ ಬಂದು ನಿಲ್ಲುತ್ತದೆಯೇ ಎಂಬುದರಿಂದ. ಸಿಲಿಂಡರಿನ ಮೇಲೆ ಬೆರಳ ತುದಿ ಹಗುರವಾಗಿ ತಾಗಿಸಿ ಹ್ಯಾಮರನ್ನು ತೀರಾ ನಿಧಾನವಾಗಿ ಹಿಂದಕ್ಕೆ ಎಳೆಯಬೇಕು. ಹ್ಯಾಮರ್ ಪೂರ್ತಿ ಕಾಕ್ ಆಗುವುದಕ್ಕೆ ಮುಂಚೆ, ಇಲ್ಲವೇ ಅದೇ ಕ್ಷಣಕ್ಕೆ, ಸಿಲಿಂಡರಿನ ತೋಡಿಗೆ ಬೋಲ್ಟ್, ಅಂದರೆ ಅದನ್ನು ತಡೆದು ನಿಲ್ಲಿಸುವ ಬಿಡಿಭಾಗ, ಬೀಳುವ ಸದ್ದು ಕೇಳಬೇಕು. ಹ್ಯಾಮರ್ ನಿಂತ ಮೇಲೆ ಸಿಲಿಂಡರನ್ನು ಕೈಯಿಂದ ಕೂದಲೆಳೆಯಷ್ಟು ತಿರುಗಿಸಿದಾಗ ಮಾತ್ರ ಸದ್ದಾದರೆ ಟೈಮಿಂಗ್ ತಡ ಎಂದರ್ಥ. ಆಗ ಕೋಣೆ ನಳಿಗೆಗೆ ನೇರವಾಗಿ ಕೂರುವುದಿಲ್ಲ, ಸಿಡಿದಾಗ ಸೀಸದ ಚೂರು ಪಕ್ಕಕ್ಕೆ ಎರಚುತ್ತದೆ. ಒಂದು ಕೋಣೆ ನೋಡಿ ತೃಪ್ತಿಪಡುವಂತಿಲ್ಲ. ಆರನ್ನೂ ನೋಡಬೇಕು, ಏಕೆಂದರೆ ಸಿಲಿಂಡರಿನ ಹಿಂಬದಿಯಲ್ಲಿ ಅದನ್ನು ತಿರುಗಿಸಲು ಇರುವ ರಾಚೆಟ್ಟಿನ ಹಲ್ಲುಗಳು ಸಮನಾಗಿ ಸವೆಯುವುದಿಲ್ಲ.

ಹೆಚ್ಚು ಬಳಸಿದ ಹಳೆಯ ಪೈಥಾನ್‌ಗಳಲ್ಲಿ ಈ ದೋಷ ಕಾಣುವುದಕ್ಕೆ ವಿನ್ಯಾಸವೇ ಕಾರಣ. ಟ್ರಿಗರನ್ನು ಪೂರ್ತಿ ಒತ್ತಿ ಹಿಡಿದಾಗ ಸಿಲಿಂಡರನ್ನು ತಿರುಗಿಸುವ ಹ್ಯಾಂಡ್ ಎಂಬ ಬಿಡಿಭಾಗ ಅದನ್ನು ಬೋಲ್ಟಿಗೆ ಒತ್ತಿಯೇ ಇಟ್ಟಿರುತ್ತದೆ. ಹಾಗಾಗಿ ಸಿಲಿಂಡರ್ ಅಲ್ಲಾಡುವುದೇ ಇಲ್ಲ. ಜನ ಹಳೆಯದನ್ನು ಇಷ್ಟೊಂದು ಮೆಚ್ಚುವುದು ಈ ಬಿಗಿತಕ್ಕೆ, ಹ್ಯಾಂಡಿನ ತುದಿ ಸವೆಯುವುದೂ ಇದೇ ಒತ್ತಡಕ್ಕೆ. ಇದರ ಜೊತೆಗೆ ರಿಬೌಂಡ್ ಲಿವರ್ ಎಂಬ ಒಳಗಿನ ಸನ್ನೆ ಒಂದೇ ಹ್ಯಾಂಡ್, ಬೋಲ್ಟ್, ಹ್ಯಾಮರ್ ಮೂರಕ್ಕೂ ಸಂಬಂಧಪಟ್ಟಿದೆ. ಎಲ್ಲವನ್ನೂ ಕೈಯಲ್ಲಿ ಅರ ಹಿಡಿದು ಕೂಡಿಸುತ್ತಿದ್ದ ಕಾಲದ ಕೆಲಸ ಅದು. ಒಂದನ್ನು ಉಜ್ಜಿದರೆ ಇನ್ನೊಂದು ತಪ್ಪುತ್ತದೆ. ಎಳೆತ ಹಗುರಾಗಲಿ ಎಂದು ವಿ ಆಕಾರದ ಸ್ಪ್ರಿಂಗನ್ನು ಬಗ್ಗಿಸಬಾರದು. ಅದರ ಒಂದು ತೋಳು ಹ್ಯಾಮರಿಗೆ, ಇನ್ನೊಂದು ರಿಬೌಂಡ್ ಲಿವರಿಗೆ ಬಲ ಕೊಡುತ್ತದೆ. ಅಂದಾಜು ತಪ್ಪಿದರೆ ತೋಟಾದ ಬುಡದ ಪ್ರೈಮರ್ ಸಿಡಿಯುವುದಿಲ್ಲ, ಇಲ್ಲವೇ ಟ್ರಿಗರ್ ಮುಂದಕ್ಕೆ ಮರಳುವುದಿಲ್ಲ.

ಹೊಸದರಲ್ಲಿ ಒಳಭಾಗವನ್ನೇ ಹೊಸದಾಗಿ ರೂಪಿಸಿದ್ದಾರೆ. ಬಿಡಿಭಾಗ ಕಡಿಮೆ, ಅವನ್ನು ಕಡೆಯುವುದು ಕಂಪ್ಯೂಟರ್ ನಡೆಸುವ ಯಂತ್ರ, ಸುರಕ್ಷೆಗೆ, ಟ್ರಿಗರ್ ಒತ್ತಿದಾಗ ಮಾತ್ರ ಹ್ಯಾಮರಿನ ಪೆಟ್ಟನ್ನು ಮುಂದಕ್ಕೆ ದಾಟಿಸುವ ಟ್ರಾನ್ಸ್‌ಫರ್ ಬಾರ್. ಡಬಲ್ ಆ್ಯಕ್ಷನ್‌ನಲ್ಲಿ, ಎಂದರೆ ಹ್ಯಾಮರನ್ನು ಮೊದಲೇ ಎತ್ತದೆ ಟ್ರಿಗರಿನಿಂದಲೇ, ಎಳೆದಾಗ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಹಳೆಯದು ಮೃದುವಾಗಿ ಶುರುವಾಗಿ ಕೊನೆಯ ಹಂತದಲ್ಲಿ ಭಾರವಾಗುತ್ತದೆ, ಹೊಸದು ಮೊದಲಿನಿಂದ ಕೊನೆವರೆಗೆ ಹೆಚ್ಚುಕಡಿಮೆ ಒಂದೇ ಸಮ. ಗೇಜ್ ತೋರಿಸುವುದು ಗರಿಷ್ಠ ಭಾರವನ್ನು ಮಾತ್ರ, ಈ ಏರಿಳಿತವನ್ನಲ್ಲ. ಅದಕ್ಕೇ ಸ್ನ್ಯಾಪ್ ಕ್ಯಾಪ್ ಹಾಕಿ ಎರಡನ್ನೂ ಒಂದಾದ ಮೇಲೊಂದು ಹತ್ತು ಹತ್ತು ಸಲ ಎಳೆದು ನೋಡಿದೆ. ಹಳೆಯ ಟ್ರಿಗರಿನ ಕೊನೆಯ ಬಿಗಿ ನನಗೂ ಪ್ರಿಯವೇ, ಗುಂಡು ಯಾವಾಗ ಹೊರಡುತ್ತದೆಂದು ಅದು ಮುನ್ಸೂಚನೆ ಕೊಡುತ್ತದೆ. ಆದರೂ ಬೇಗ ಬೇಗ ಹೊಡೆಯುವಾಗ ಗುರಿ ಕದಲದಿರುವುದು ಹೊಸದರಲ್ಲೇ.

ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದು ಎರಡರಲ್ಲೂ ಒಂದೇ ರೀತಿ ಅಳೆಯಬೇಕು. ಫೀಲರ್ ಗೇಜಿನ 0.004 ಇಂಚಿನ ಎಲೆ ಸಲೀಸಾಗಿ ತೂರಬೇಕು, 0.008ರದ್ದು ತೂರಬಾರದು. ಸಿಲಿಂಡರನ್ನು ಹಿಂದಕ್ಕೆ ಒತ್ತಿ ಒಮ್ಮೆ, ಮುಂದಕ್ಕೆ ಒತ್ತಿ ಒಮ್ಮೆ ಅಳೆದರೆ ಎರಡರ ಅಂತರವೇ ಹಿಂದುಮುಂದಿನ ಆಟ.

ನಳಿಗೆಯೊಳಗಿನ ತಿರುವಿನಲ್ಲಿ ಬದಲಾವಣೆ ಇಲ್ಲ, ಈಗಲೂ ಎಡಕ್ಕೆ 14 ಇಂಚಿಗೆ ಒಂದು ಸುತ್ತು. ಉದ್ದ ಮಾತ್ರ 4 ಇಂಚಿದ್ದದ್ದು 4.25 ಆಗಿದೆ. ಕಾರಣ ಕೆನಡಾದ ಕಾನೂನು: ಅಲ್ಲಿ 105 ಮಿಲಿಮೀಟರಿನವರೆಗಿನ ನಳಿಗೆಯ ಕೈಬಂದೂಕು ನಿಷಿದ್ಧ, 4.25 ಇಂಚು ಎಂದರೆ ಸುಮಾರು 108. ತುದಿ ಮುಚ್ಚಿದ ಹಳೆಯ ಹೋಲ್ಸ್ಟರ್ (ರಿವಾಲ್ವರ್ ಇಡುವ ಚೀಲ) ಇದ್ದವರು ಹಳೆಯದಕ್ಕಿಂತ ಹೆಚ್ಚಾದ ಈ ಆರು ಮಿಲಿಮೀಟರನ್ನು ಗಮನಿಸಬೇಕು. ಹಿಂದಿನ ಸೈಟಿನ ಕೆಳಗೆ ಚೌಕಟ್ಟಿನ ಲೋಹ ದಪ್ಪವಾಗಿದೆ. ಮುಂದಿನ ಸೈಟನ್ನು ಒಂದು ಸ್ಕ್ರೂ ಸಡಿಲಿಸಿ ಬದಲಿಸಬಹುದು, ಹಳೆಯದರಲ್ಲಿ ಪಿನ್ ಹೊಡೆದು ತೆಗೆಯಬೇಕು.

ಪದೇ ಪದೇ ಮ್ಯಾಗ್ನಮ್ ಹೊಡೆಯುವವರು ಹೊಸದನ್ನೇ ತೆಗೆದುಕೊಳ್ಳಲಿ. ಹಳೆಯದರ ಹ್ಯಾಂಡ್ ಕೂಡಿಸಬಲ್ಲ ಕೈಗಳು ವಿರಳವಾಗುತ್ತಿವೆ, ಹಾಗಾಗಿ ಹಳೆಯದಕ್ಕೆ ಅದರಲ್ಲೇ ಹೊಡೆಯಬಹುದಾದ ಕಡಿಮೆ ಬಲದ .38 ಸ್ಪೆಷಲ್ ತೋಟಾ ಸಾಕು. ಒಂದು ಎಚ್ಚರಿಕೆ: .38 ತೋಟಾದ ಕೊಳವೆ .357ರದ್ದಕ್ಕಿಂತ ಗಿಡ್ಡ. ಹೊಡೆದಂತೆಲ್ಲ ಅದರ ಬಾಯಿಯ ಮುಂದೆ ಕೋಣೆಯಲ್ಲಿ ಮಸಿಯ ಉಂಗುರ ಕಟ್ಟುತ್ತದೆ, ಆಮೇಲೆ .357 ತೋಟಾ ಪೂರ್ತಿ ಒಳಗೆ ಕೂರುವುದಿಲ್ಲ. ಕಂಚಿನ ಬ್ರಷ್ಷಿಗೆ ದ್ರಾವಕ ಹಚ್ಚಿ, ಆ ಉಂಗುರ ಬೆರಳಿಗೆ ಸಿಗದಂತಾಗುವವರೆಗೆ ಆರೂ ಕೋಣೆಗಳನ್ನು ಉಜ್ಜಬೇಕು.