ಲೈನ್ ಇಲ್ಲದ ಕಡೆ ಸೋಲಾರ್: ನಾನು ಕನ್ವರ್ಟರ್ ಜೋಡಣೆ ಆರಿಸಿದ ಬಗೆ

ಸೋಲಾರ್ ಹಾಕುವ ಮುಂಚೆ ಒಂದು ಪಟ್ಟಿ ಮಾಡಿದೆ. ಯಾವ ಲೋಡ್ ಹಗಲಿಗೆ, ಯಾವುದು ರಾತ್ರಿಗೆ? ದೀಪ, ಫ್ಯಾನ್, ರೌಟರ್, ಲ್ಯಾಪ್‌ಟಾಪ್ ಎಲ್ಲ ಹೆಚ್ಚಾಗಿ ರಾತ್ರಿಯವು. ಹಗಲಿಗೆ ಪಂಪ್ ಮಾತ್ರ. ಕನ್ವರ್ಟರ್, ಅಂದರೆ ಕರೆಂಟಿನ ರೂಪ ಅಥವಾ ವೋಲ್ಟೇಜ್ ಬದಲಿಸುವ ಸಾಧನ, ಹೇಗೆ ಜೋಡಿಸಬೇಕು ಅಂತ ಈ ಪಟ್ಟಿಯೇ ಹೇಳಿತು.

ನನ್ನ ಮುಂದೆ ಎರಡು ದಾರಿ ಇದ್ದವು. ಡಿಸಿ (ಪ್ಯಾನೆಲ್, ಬ್ಯಾಟರಿ ಕೊಡುವ ಒಂದೇ ದಿಕ್ಕಿನ ಕರೆಂಟು) ಜೋಡಣೆಯಲ್ಲಿ ಪ್ಯಾನೆಲ್‌ನ ಕರೆಂಟು ಚಾರ್ಜ್ ಹಿಡಿತದಲ್ಲಿಡುವ ಚಾರ್ಜ್ ಕಂಟ್ರೋಲರ್ ಮೂಲಕ ಬ್ಯಾಟರಿಗೆ, ಅಲ್ಲಿಂದ ಡಿಸಿಯನ್ನು ಎಸಿ (ಮನೆಯ ಮಾಮೂಲಿ ಕರೆಂಟು) ಮಾಡುವ ಇನ್ವರ್ಟರ್‌ಗೆ ಹೋಗುತ್ತದೆ. ಎಸಿ ಜೋಡಣೆಯಲ್ಲಿ ಪ್ಯಾನೆಲ್‌ಗೇ ಒಂದು ಸೋಲಾರ್ ಇನ್ವರ್ಟರ್ ಇರುತ್ತದೆ, ಬ್ಯಾಟರಿಗೆ ಇನ್ನೊಂದು. ಹಗಲಿನ ಲೋಡ್ ಜಾಸ್ತಿ ಇದ್ದವರಿಗೆ ಎಸಿ ಚೆನ್ನ, ಒಂದೇ ಸಲ ಪರಿವರ್ತನೆ ಆಗಿ ಮುಗಿಯುತ್ತದೆ. ರಾತ್ರಿಯ ಕರೆಂಟು ಮಾತ್ರ ಮೂರು ಸಲ ಬದಲಾಗಬೇಕು: ಪ್ಯಾನೆಲ್‌ನಿಂದ ಎಸಿ, ಬ್ಯಾಟರಿಗೆ ಮತ್ತೆ ಡಿಸಿ, ಲೋಡ್‌ಗೆ ಮತ್ತೆ ಎಸಿ. ಪ್ರತಿ ಹಂತಕ್ಕೆ ಶೇ. 95 ಅಂತ ಹಿಡಿದರೂ ಉಳಿಯುವುದು ಸುಮಾರು ಶೇ. 86. ಡಿಸಿಯಲ್ಲಿ ಎರಡೇ ಹಂತ, ಶೇ. 90. ಬ್ಯಾಟರಿಯ ಒಳಗಿನ ನಷ್ಟ ಇದರಲ್ಲಿ ಸೇರಿಲ್ಲ.

ನನ್ನ ಮನಸ್ಸು ಡಿಸಿ ಕಡೆಗೆ ವಾಲಿದ್ದಕ್ಕೆ ಇನ್ನೂ ದೊಡ್ಡ ಕಾರಣ ಮೋಡ. ಬ್ಯಾಟರಿ ಇಳಿದು ಇನ್ವರ್ಟರ್ ಆಫ್ ಆದರೆ ಎಸಿ ಜೋಡಣೆಯ ಸೋಲಾರ್ ಇನ್ವರ್ಟರ್ ಕೂಡ ನಿಲ್ಲುತ್ತದೆ. ಅದಕ್ಕೆ ಹಿಂಬಾಲಿಸಲು ಒಂದು ಎಸಿ ಲೈನ್ ಬೇಕೇ ಬೇಕು, ಅಲ್ವಾ? ಬಿಸಿಲು ಬಂದರೂ ಸುಮ್ನೆ ಕೂರುತ್ತದೆ. ಡಿಸಿ ಕಂಟ್ರೋಲರ್ ಮಾತ್ರ ಇನ್ವರ್ಟರ್ ಆಫ್ ಇದ್ದರೂ ಬೆಳಗ್ಗೆ ತಾನಾಗಿ ಚಾರ್ಜ್ ಶುರು ಮಾಡುತ್ತದೆ. ಲೈನ್ ಇಲ್ಲದ ಕಡೆ ಇದಕ್ಕಿಂತ ದೊಡ್ಡ ನೆಮ್ಮದಿ ನನಗೆ ಕಾಣಲಿಲ್ಲ.

ಕಂಟ್ರೋಲರ್ ಎಂಪಿಪಿಟಿಯದೇ (ಪ್ಯಾನೆಲ್‌ನಿಂದ ಗರಿಷ್ಠ ಶಕ್ತಿ ಹಿಂಡುವ ಬಗೆ) ತೆಗೆದುಕೊಂಡೆ. ಪಿಡಬ್ಲ್ಯೂಎಂ ಅನ್ನುವ ಇನ್ನೊಂದು ಬಗೆಯ ಕಂಟ್ರೋಲರ್ ಪ್ಯಾನೆಲ್‌ನ ವೋಲ್ಟೇಜನ್ನು ಬ್ಯಾಟರಿಯ ಮಟ್ಟಕ್ಕೆ ಎಳೆದುಬಿಡುತ್ತದೆ. 60 ಸೆಲ್‌ನ ಪ್ಯಾನೆಲ್ ಸುಮಾರು 30 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ. ಅದನ್ನು 12 ವೋಲ್ಟ್ ಬ್ಯಾಟರಿಗೆ ಪಿಡಬ್ಲ್ಯೂಎಂನಲ್ಲಿ ಕಟ್ಟಿದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ ಹಾಳು. ನನ್ನದು 48 ವೋಲ್ಟ್ ಬ್ಯಾಟರಿ. ಮೂರು ಪ್ಯಾನೆಲ್ ಸೀರೀಸ್‌ನಲ್ಲಿ ಇವೆ. ಲೋಡ್ ಇಲ್ಲದಾಗ ಮೂರೂ ಸೇರಿ 111 ವೋಲ್ಟ್ ತೋರಿಸುತ್ತವೆ, ಚಳಿಯಲ್ಲಿ ಇನ್ನೂ ಏರುತ್ತದೆ. ಅದಕ್ಕೇ 100 ವೋಲ್ಟ್‌ನ ಕಂಟ್ರೋಲರ್ ಬಿಟ್ಟು 150 ವೋಲ್ಟ್‌ನದು ಹಾಕಿದೆ.

48 ವೋಲ್ಟ್ ಯಾಕೆ? 1000 ವ್ಯಾಟ್‌ಗೆ 12 ವೋಲ್ಟ್‌ನಲ್ಲಿ 83 ಆಂಪ್ ಹರಿಯಬೇಕು, 48ರಲ್ಲಿ 21 ಸಾಕು. ವೈರ್‌ನ ನಷ್ಟ ಕರೆಂಟಿನ ವರ್ಗದ ಲೆಕ್ಕದಲ್ಲಿ ಬದಲಾಗುವುದರಿಂದ ಅದೇ ವೈರ್‌ನಲ್ಲಿ ನಷ್ಟ 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಖಾಲಿ ಓಡುವ ಇನ್ವರ್ಟರ್ ಕೂಡ ಕರೆಂಟು ತಿನ್ನುತ್ತದೆ. 40 ವ್ಯಾಟ್ ಎಂದರೆ ದಿನಕ್ಕೆ ಹತ್ತಿರ ಹತ್ತಿರ ಒಂದು ಯೂನಿಟ್! ಹಾಗಾಗಿ ದೀಪ, ರೌಟರ್, ಡಿಸಿ ಫ್ಯಾನ್‌ಗಳನ್ನು 48ರಿಂದ 12ಕ್ಕೆ ಇಳಿಸುವ ಚಿಕ್ಕ ಕನ್ವರ್ಟರ್‌ಗೆ ಕೊಟ್ಟೆ. ಪಂಪ್, ಮಿಕ್ಸಿ ಬೇಕಾದಾಗ ಮಾತ್ರ ಇನ್ವರ್ಟರ್ ಆನ್ ಮಾಡುತ್ತೇನೆ. ಬ್ಯಾಟರಿ ಪಕ್ಕದಲ್ಲೇ ಪ್ರತಿ ದಾರಿಗೂ ಬೇರೆ ಫ್ಯೂಸ್ ಇದೆ. ಎಲ್ಲವೂ ಡಿಸಿಗೆಂದೇ ಮಾಡಿದವು. ಡಿಸಿಯ ಕಿಡಿ ಎಸಿಯಷ್ಟು ಸುಲಭವಾಗಿ ಆರುವುದಿಲ್ಲ.